ಪೇಟೆಯ ನಡುವೆ ಮನೆ

ದಾವಣಗೆರೆಯ ಹಳೆಯ ವರ್ತಕರ ಮನೆಯನ್ನು ಒಳಹೊಕ್ಕು ಕಂಡವರಿಗೆ ಅದರ ಕಟ್ಟಡದ ಕ್ರಮ ನೆನಪಿರಬಹುದು. ಬೀದಿಗೆ ಮುಖಮಾಡಿ ಅಂಗಡಿ. ಅದರ ಹಿಂದೆ ಇಲ್ಲವೆ ಮೇಲೆ ವಾಸ. ಗಲ್ಲಾಪೆಟ್ಟಿಗೆಯ ಬಳಿಯಿಂದ ಎದ್ದ ಯಜಮಾನರು ಹತ್ತು ಹೆಜ್ಜೆ ಒಳಗೆ ನಡೆದರೆ ಊಟದ ಮಣೆ. ಎರಡು ಮಗ್ಗುಲಿಗೂ ನೆರೆಯವರ ಗೋಡೆ ಅಂಟಿಕೊಂಡಿರುವುದರಿಂದ ಅಲ್ಲಿ ಕಿಟಕಿಗೆ ಎಡೆಯಿಲ್ಲ. ಬೆಳಕು ಬರಬೇಕಾದರೆ ನೆತ್ತಿಯ ಮೇಲಿನಿಂದಲೇ ಬರಬೇಕು. ಅದಕ್ಕಾಗಿ ಮಾಳಿಗೆಯಲ್ಲೊಂದು ಗವಾಕ್ಷಿ. ಅನುಕೂಲಸ್ಥರಾದರೆ ನಡುವೆ ಬಯಲಿಗೆ ತೆರೆದ ತೊಟ್ಟಿ.

ಹೈದರಾಲಿಯಿಂದ ಈ ಊರನ್ನು ಜಹಗೀರಾಗಿ ಪಡೆದ ಮರಾಠಾ ಸರದಾರ ಅಪ್ಪೋಜಿರಾಮನು ವರ್ತಕರನ್ನು ಇಲ್ಲಿ ನೆಲೆಸಲು ಪ್ರೋತ್ಸಾಹಿಸಿದನೆಂದು ಇತಿಹಾಸ ಹೇಳುತ್ತದೆ. ನೆಲೆಸುವುದು ಎಂಬ ಮಾತನ್ನು ಗಮನಿಸಬೇಕು. ಆಗ ಪೇಟೆಯೆಂದರೆ ವ್ಯಾಪಾರದ ಜಾಗ ಮಾತ್ರವಲ್ಲ, ತೊಟ್ಟಿಲು ತೂಗುವ ಜಾಗವೂ ಹೌದು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದವು, ಊರು ಹಿಗ್ಗಿತು. ಅನುಕೂಲವಾದವರು ಪಿ.ಜೆ. ಬಡಾವಣೆ, ವಿದ್ಯಾನಗರಗಳ ಕಡೆಗೆ ಹೊರಟರು. ನಿಟ್ಟುವಳ್ಳಿಯಂಥ ಹಳ್ಳಿ ಹೆಸರಿನಲ್ಲಷ್ಟೇ ಹಳ್ಳಿಯಾಗಿ ಉಳಿದು, ನಗರದ ಬಡಾವಣೆಯಾಯಿತು. ಪೇಟೆಯ ಹಿಂದಿನ ಕೋಣೆಗಳಿಗೆ ಮನುಷ್ಯರ ಬದಲು ಮೂಟೆಗಳು ಬಂದವು.

ಈಗ ಜಗತ್ತಿನ ಇನ್ನೊಂದು ದೊಡ್ಡ ಪೇಟೆಯಲ್ಲಿ ಇದರ ಪ್ರತಿಕ್ರಮ ನಡೆದಿದೆ. ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಸುತ್ತಮುತ್ತ ಸಂಜೆಯಾದೊಡನೆ ಬೀದಿಗಳು ಬರಿದಾಗುತ್ತಿದ್ದವು. ತೊಂಬತ್ತರ ದಶಕದಲ್ಲಿ ಕಚೇರಿಗಳೇ ಖಾಲಿಯಾಗತೊಡಗಿದಾಗ, ಅವುಗಳನ್ನು ವಸತಿಯಾಗಿ ಮಾರ್ಪಡಿಸುವವರಿಗೆ 1995ರಿಂದ ತೆರಿಗೆಯ ವಿನಾಯಿತಿ ದೊರೆಯಿತು. 1931ರಲ್ಲಿ ಬ್ಯಾಂಕಿಗಾಗಿ ಕಟ್ಟಿದ ಒನ್ ವಾಲ್ ಸ್ಟ್ರೀಟ್ ಎಂಬ ಗಗನಚುಂಬಿ ಇಂದು 566 ಐಷಾರಾಮಿ ಮನೆಗಳ ನೆಲೆ. ಹಣ ಎಣಿಸುತ್ತಿದ್ದ ಕಟ್ಟಡದಲ್ಲಿ ಈಗ ಈಜುಕೊಳವುಂಟು.

ಆದರೆ ಎಲ್ಲ ಕಚೇರಿಗಳೂ ಸುಲಭವಾಗಿ ಮನೆಗಳಾಗುವುದಿಲ್ಲ. ಹಳೆಯ ಕಟ್ಟಡಗಳು ಕಿಟಕಿಯ ಬೆಳಕನ್ನೇ ನಂಬಿದ್ದುದರಿಂದ ಅಷ್ಟಾಗಿ ಅಗಲವಾಗಿರಲಿಲ್ಲ. ವಿದ್ಯುದ್ದೀಪವೂ ಹವಾನಿಯಂತ್ರಣವೂ ಬಂದ ಮೇಲೆ ಶಿಲ್ಪಿಗಳಿಗೆ ಆ ಅಂಕೆ ತಪ್ಪಿತು. ಮಹಡಿಗಳು ಮೈದಾನಗಳಂತೆ ಹರಡಿದವು. ಗುಮಾಸ್ತನೊಬ್ಬ ಕಿಟಕಿಯಿಂದ ನೂರಡಿ ದೂರ ಕುಳಿತು ಲೆಕ್ಕ ಬರೆಯಬಲ್ಲ. ಅಲ್ಲಿ ಮಗುವನ್ನು ಮಲಗಿಸಲಾದೀತೇ? ಇಂಥ ಕಟ್ಟಡವನ್ನು ಭಾಗಮಾಡಿದರೆ ಅಂಚಿನಲ್ಲಿರುವ ಕೋಣೆಗೆ ಸೂರ್ಯ, ಒಳಗಿನದಕ್ಕೆ ಕತ್ತಲೆ. ಕೊಳಾಯಿಯ ತೊಡಕು ಬೇರೆ: ಕಚೇರಿಯ ಒಂದು ಮಹಡಿಗೆ ಒಂದೆರಡು ಕಡೆ ಶೌಚಾಲಯವಿದ್ದರೆ ಸಾಕಿತ್ತು, ಮನೆಗಳಾದರೆ ಪ್ರತಿಯೊಂದಕ್ಕೂ ಅಡಿಗೆಮನೆ, ಬಚ್ಚಲು ಬೇಕು.

ಅದೇ ನೆರೆಯ 180 ವಾಟರ್ ಸ್ಟ್ರೀಟ್ ಎಂಬ, 1971ರ ಕಚೇರಿಯನ್ನು ಮನೆಗಳನ್ನಾಗಿಸಿದವರು ಕಂಡುಕೊಂಡ ಉಪಾಯ ಕುತೂಹಲಕರ. ಕಟ್ಟಡದ ನಟ್ಟನಡುವೆ, ಮಹಡಿಯಿಂದ ಮಹಡಿಗೆ ಸೀಳಿ, ಬೆಳಕಿನ ಬಾವಿಯೊಂದನ್ನು ತೋಡಿದರು. ಹೀಗೆ ಕಳೆದ ನೆಲವನ್ನು ನೆತ್ತಿಯ ಮೇಲೆ ಹೊಸ ಮಹಡಿಗಳನ್ನು ಏರಿಸಿ ತುಂಬಿಕೊಂಡರು. ನಮ್ಮ ಗೌಂಡಿಗಳು ಕೇಳಿದರೆ ನಗುತ್ತಾರೇನೋ. ಕೋಟಿಗಟ್ಟಲೆ ಡಾಲರು ಸುರಿದು ಅವರು ಪಡೆದದ್ದು ತೊಟ್ಟಿಯನ್ನೇ.

ನಮ್ಮಲ್ಲಿಯೂ ಪೇಟೆಗೆ ವಾಸ ಮರಳಬಹುದು. ಬೆಂಗಳೂರಿನ ಬಿನ್ನಿ ಗಿರಣಿಯ ನೆಲದಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲಿ ಗಿರಣಿ ಅಳಿದ ಮೇಲೆ ಹೊಸದಾಗಿ ಕಟ್ಟಿದರು. ವಿಶಾಲವಾದ ನಿವೇಶನದಲ್ಲಿ ಗಾಳಿಬೆಳಕಿಗೆ ಕೊರತೆಯಾಗಲಿಲ್ಲ. ಇಕ್ಕಟ್ಟಾದ ಮಂಡಿಪೇಟೆಯ ಮಾತು ಬೇರೆ. ಅಲ್ಲಿ ಮುಂದೊಮ್ಮೆ ಮನೆಗಳಾಗಬೇಕಾದರೆ ನಡುವಣ ಬಯಲು ಉಳಿದಿರಬೇಕು. ಒಂದು ಚೀಲ ಹೆಚ್ಚು ಹಿಡಿದೀತೆಂದು ತೊಟ್ಟಿಗೆ ತಗಡು ಹೊದಿಸಿ, ಗವಾಕ್ಷಿಗೆ ಗಾರೆ ಬಳಿಯುವುದು ನನಗೆ ಸರಿಕಾಣದು.

ಉಳಿದರೂ ಅದು ಯಾರದು? ಹಿಂದೆ ತೊಟ್ಟಿ ಒಂದೇ ಕುಟುಂಬದ್ದು. ಮಳೆನೀರು ಬಿದ್ದರೆ ಸೊಸೆಯೋ ಆಳೋ ಬಳಿದುಹಾಕುತ್ತಿದ್ದರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಂತೆ ನೆಲ, ಮೆಟ್ಟಿಲು, ಅಂಗಳಗಳಲ್ಲಿ ಪ್ರತಿ ಮನೆಯವರಿಗೂ ಅವಿಭಕ್ತ ಪಾಲು; ಅದನ್ನು ಹಂಚಿಕೊಡಿರೆಂದು ಯಾರೂ ಕೇಳುವಂತಿಲ್ಲ. ಅಣ್ಣತಮ್ಮಂದಿರು ಪಾಲು ಕೇಳಿ ತೊಟ್ಟಿಯ ನಡುವೆ ಗೋಡೆ ಎಬ್ಬಿಸಿದ ಮನೆಗಳನ್ನು ಕಂಡಿರುವ ನನಗೆ, ಕಾಯಿದೆಯ ಈ ಒಂದು ಮಾತು ಈಜುಕೊಳಕ್ಕಿಂತ ದೊಡ್ಡ ಸುಖವಾಗಿ ಕಾಣುತ್ತದೆ.