ಕುಸಿಯುವಾಗಲೂ ಬಂದ ದಾರಿ ಹೇಳುವ ಕರ್ನೆಲ್

ಲಿನಕ್ಸ್ ಕರ್ನೆಲ್ ಕುಸಿದಾಗ ಪರದೆಯ ಮೇಲೆ ಸಾಲುಸಾಲು ಹೆಸರುಗಳು ಮೂಡುತ್ತವಲ್ಲ, ಅದೇ ಕಾಲ್ ಟ್ರೇಸ್. ಕೊನೆಯುಸಿರೆಳೆಯುತ್ತಿರುವ ವ್ಯವಸ್ಥೆ, ಯಾವ ಫಂಕ್ಷನ್ ಯಾವುದನ್ನು ಕರೆದಿತ್ತೆಂದು ತಾನೇ ಕೊನೆಯಿಂದ ಹಿಂದಕ್ಕೆ ಹೇಳುತ್ತಾ ಹೋಗುತ್ತದೆ! ಕೆಲವು ಹೆಸರುಗಳ ಎಡಕ್ಕೊಂದು ಪ್ರಶ್ನಾರ್ಥಕ ಚಿಹ್ನೆ. ವಿಳಾಸವೇನೋ ಸ್ಟ್ಯಾಕ್‌ನಲ್ಲಿ ಸಿಕ್ಕಿದೆ, ಆದರೆ ಈ ದಾರಿಯಲ್ಲೇ ಬಂದದ್ದೆಂಬ ಖಾತ್ರಿಯಿಲ್ಲ ಎಂದು ಅದರರ್ಥ. ಎಂಥ ಪ್ರಾಮಾಣಿಕತೆ!

ಸ್ಟ್ಯಾಕ್ ಎಂದರೆ ಬರೀ ಅಂಕಿಗಳ ರಾಶಿ. 64 ಬಿಟ್‌ನ ಎಕ್ಸ್86 ಯಂತ್ರಗಳಲ್ಲಿ ಸಾಮಾನ್ಯವಾಗಿ 16 ಕಿಲೋಬೈಟ್. ಮರಳಬೇಕಾದ ವಿಳಾಸ, ಬೇರೆ ದತ್ತಾಂಶ, ಎಂದೋ ಮುಗಿದ ಫಂಕ್ಷನ್‌ಗಳ ಉಳಿಕೆ, ಎಲ್ಲ ಕಲಸಿಹೋಗಿರುತ್ತವೆ. ಇದರಲ್ಲಿ ಬಂದ ದಾರಿ ಹುಡುಕುವ ಹಳೆಯ ಉಪಾಯ ಫ್ರೇಮ್ ಪಾಯಿಂಟರ್: ಪ್ರತಿ ಫಂಕ್ಷನ್ನೂ ತನ್ನನ್ನು ಕರೆದವರ ಗುರುತನ್ನು ಜೋಪಾನ ಮಾಡಬೇಕು. ಅದರಿಂದ ಕರ್ನೆಲ್ ಕೋಡ್ ಸುಮಾರು ಶೇ. 3.2ರಷ್ಟು ಊದಿಕೊಳ್ಳುತ್ತದೆ, ಓಟವೂ ನಿಧಾನ. ಡ್ವಾರ್ಫ್ ಎಂಬ ಡೀಬಗ್ ಮಾಹಿತಿ ಬಳಸುವ ಇನ್ನೊಂದು ವಿಧಾನ ಎಷ್ಟು ತೊಂದರೆ ಕೊಟ್ಟಿತೆಂದರೆ, 2006ರಲ್ಲಿ ಲಿನಕ್ಸ್ ಜನಕ ಲೀನಸ್ ಟೋರ್ವಾಲ್ಡ್ಸ್ ಅದನ್ನು ಕಿತ್ತೇ ಹಾಕಿದರು.

ಆಮೇಲೆ ಬಂತು ಜಾಶ್ ಪಾಯಿಂಬಫ್ ಅವರ ಆರ್ಕ್ ಎಂಬ ವಿಧಾನ; 2017ರ ನವೆಂಬರ್‌ನಲ್ಲಿ, ಲಿನಕ್ಸ್ 4.14ರ ಜೊತೆಗೆ. ನನ್ನನ್ನು ಬೆರಗಾಗಿಸುವುದು ಇದರ ಹಿಂದಿರುವ ಸಾಧನ ಆಬ್ಜ್‌ಟೂಲ್. ಕರ್ನೆಲ್ ಕಟ್ಟುವಾಗಲೇ ಅದು ಸಿದ್ಧವಾದ ಯಂತ್ರಭಾಷೆಯನ್ನು ಓದುತ್ತದೆ. ಪ್ರತಿ ಫಂಕ್ಷನ್ನಿನ ಪ್ರತಿ ಕವಲಿನಲ್ಲೂ ನಡೆದು, ಒಂದೊಂದು ಸೂಚನೆಯಾದ ಮೇಲೂ ಸ್ಟ್ಯಾಕ್ ಎಷ್ಟು ಸರಿಯಿತೆಂದು ಲೆಕ್ಕ ಹಾಕುತ್ತದೆ. ಲೆಕ್ಕ ಬದಲಾದಲ್ಲೆಲ್ಲ ಒಂದು ಕೋಷ್ಟಕದಲ್ಲಿ ಆರೇ ಬೈಟ್‌ಗಳ ಒಂದು ನಮೂದು! ಕುಸಿದಾಗ ಮಾಡಬೇಕಾದದ್ದು ಇಷ್ಟೇ: ಸೂಚನೆಯ ವಿಳಾಸವನ್ನು ಕೋಷ್ಟಕದಲ್ಲಿ ಹುಡುಕು, ಕರೆದವರತ್ತ ಒಂದು ಹೆಜ್ಜೆ ಇಡು, ಮತ್ತೆ ಹುಡುಕು. ಕೋಷ್ಟಕಕ್ಕೆ ಕೆಲವು ಮೆಗಾಬೈಟ್ ಸ್ಮರಣೆ ಬೇಕು, ನಿಜ. ಆದರೆ ಓಡುತ್ತಿರುವ ಕೋಡ್‌ಗೆ ಒಂದು ಸೂಚನೆಯ ಹೊರೆಯೂ ಇಲ್ಲ!

ಫಂಕ್ಷನ್ ಆಗತಾನೇ ಶುರುವಾಗಿದೆ, ಫ್ರೇಮ್ ಪಾಯಿಂಟರ್ ಇನ್ನೂ ಉಳಿಸಿಲ್ಲ, ಅಷ್ಟರಲ್ಲಿ ಇಂಟರಪ್ಟ್ ಬಂದೆರಗಿತು ಎನ್ನಿ. ಹಳೆಯ ವಿಧಾನದಲ್ಲಿ ಕರೆದವರ ಹೆಸರೇ ಕಣ್ಮರೆ. ಆರ್ಕ್ ಬಳಿ ಆ ಸೂಚನೆಗೂ ಲೆಕ್ಕವಿದೆ!

ಇಷ್ಟು ನಂಬಬಹುದಾದ ಕಾಲ್ ಟ್ರೇಸ್ ಬರೀ ಮರಣೋತ್ತರ ವರದಿಯಲ್ಲ. ಓಡುತ್ತಿರುವ ಕರ್ನೆಲ್ಲನ್ನು ನಿಲ್ಲಿಸದೆ ದುರಸ್ತಿ ಮಾಡುವ ಲೈವ್ ಪ್ಯಾಚಿಂಗ್ ಈಗ ಇದನ್ನೇ ಕೇಳುತ್ತದೆ: ಈ ಟಾಸ್ಕ್ ಹಳೆಯ ಫಂಕ್ಷನ್ನಿನೊಳಗೆ ಸಿಕ್ಕಿಕೊಂಡಿದೆಯೇ? ಇಲ್ಲವೆಂದು ಖಚಿತವಾದರೆ ಅದನ್ನು ಆಗಲೇ ಹೊಸ ಕೋಡ್‌ಗೆ ದಾಟಿಸಿಬಿಡುತ್ತದೆ.