ನಿಮಗಿದು ಗೊತ್ತೇ? ಆಟೋಮ್ಯಾಟಿಕ್ ಗೇರಿನ ಕೆಂಪೆಣ್ಣೆ

ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ತಂದ ಶೇಂಗಾ ಎಣ್ಣೆ 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನೇ ಓಡಿಸಿತ್ತು. ಆದರೆ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೇಳುವ ಎಣ್ಣೆ ಬೇರೆಯೇ. ಅದರ ಹೆಸರು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್.

ಈ ಎಣ್ಣೆ ಬರೀ ಸವೆತ ತಡೆಯುವುದಿಲ್ಲ. ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು, ಒತ್ತಡದಿಂದ ಕ್ಲಚ್ ಹಿಡಿಸುವುದು, ಬಿಸಿ ಹೊತ್ತೊಯ್ಯುವುದು, ಎಲ್ಲ ಇದರದ್ದೇ ಕೆಲಸ.

1970ರ ದಶಕದ ಆರಂಭದವರೆಗೂ ಎಟಿಎಫ್‌ಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು! ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ಬದಲಿ ರಾಸಾಯನಿಕ ಹುಡುಕಬೇಕಾಯಿತು.

ಕೆಂಪು ಎಟಿಎಫ್‌ನ ಸ್ವಂತ ಬಣ್ಣವಲ್ಲ, ಬೆರೆಸಿದ್ದು. ಕಾರಿನಡಿ ತೊಟ್ಟಿಕ್ಕಿದರೆ ಎಂಜಿನ್ ಆಯಿಲ್ ಯಾವುದು, ಗೇರ್ ಎಣ್ಣೆ ಯಾವುದು ಎಂದು ತಿಳಿಯಲು.

ಕ್ಲಚ್ ಪೆಡಲ್ ಇಲ್ಲದ ಕಾರೆಲ್ಲ ಎಟಿಎಫ್ ಕುಡಿಯುವುದಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಎಂಬ ಗೇರ್ ವ್ಯವಸ್ಥೆಯ ಒಳಗಿರುವುದು ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸ್. ಅದಕ್ಕೆ ಮ್ಯಾನ್ಯುವಲ್ ಗೇರ್ ಆಯಿಲ್ಲೇ ಸಾಕು. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ಗೆ ಬೇರೆ ಎಣ್ಣೆ. ಒಂದರದ್ದು ಇನ್ನೊಂದಕ್ಕೆ ಸುರಿದರೆ ಗೇರ್‌ಬಾಕ್ಸ್ ಹೋದಂತೆಯೇ. ಹಿರಿಯೂರು–ಬಳ್ಳಾರಿ ಹೆದ್ದಾರಿಯಲ್ಲಿ ಅವಸರಕ್ಕೆ ಸಿಕ್ಕ ಡಬ್ಬಿ ಕೊಳ್ಳುವ ಮೊದಲು ಕಾರಿನ ಕೈಪಿಡಿ ತೆರೆದು ನೋಡಿ.

"ಲಕ್ಷ ಕಿಲೋಮೀಟರ್ ದಾಟಿದ ಗಾಡಿಗೆ ಎಣ್ಣೆ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತೆ" ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದವರಿಗೆ ಇದೇ ದೊಡ್ಡ ಭಯ. ಅಷ್ಟು ಹೊತ್ತಿಗೆ ಗೇರ್ ಜಾರುತ್ತಿದ್ದರೆ ಕ್ಲಚ್ ಪ್ಲೇಟ್ ಆಗಲೇ ಸವೆದಿದೆ. ಹೊಸ ಎಣ್ಣೆ ಅದನ್ನು ಸರಿಮಾಡದು, ತಪ್ಪು ಮಾತ್ರ ಅದರ ತಲೆಗೆ ಬರುತ್ತದೆ. ಗೇರ್ ಸಲೀಸಾಗಿ ಬೀಳುತ್ತಿದ್ದರೆ ಬದಲಿಸುವುದೇ ಒಳ್ಳೆಯದು. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತದೆ.

ಬದಲಿಸುವ ಮೊದಲು ಬಿಳಿ ಬಟ್ಟೆಯ ಮೇಲೆ ಹಳೆ ಎಟಿಎಫ್‌ನ ಒಂದು ಹನಿ ಬಿಡಿ. ಮೊಳಕಾಲ್ಮೂರು ಸೀರೆಯ ಕೆಂಪಂಚಿನಂತೆ ತಿಳಿಯಾಗಿದ್ದರೆ ಚಿಂತೆಯಿಲ್ಲ. ಕಂದಾದರೆ ಹಳತಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಬೆಂದಿದೆ. ಗೇರ್‌ಬಾಕ್ಸ್ ತಳದ ಎಣ್ಣೆ ತಟ್ಟೆ, ಅಂದರೆ ಸಂಪ್ ಬಿಚ್ಚಿದಾಗ ಅದರ ಅಯಸ್ಕಾಂತವನ್ನು ಕೇಳಿ ನೋಡಿ: ವಿಭೂತಿಯಷ್ಟು ನುಣ್ಣನೆಯ ಬೂದು ಪುಡಿ ಸಹಜ; ಕೈಗೆ ಚುಚ್ಚುವ ಲೋಹದ ಚೂರು ಅಪಾಯ.

ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ಎಣ್ಣೆ ಇಳಿಯದು. ಸಾಕಷ್ಟು ಪಾಲು, ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನಲ್ಲೇ ಉಳಿಯುತ್ತದೆ. ಸಲಕ್ಕೆ ಅರ್ಧ ಬದಲಾದರೆ ಎರಡು ಸಲಕ್ಕೆ ಮುಕ್ಕಾಲು ಹೊಸದಾಗುತ್ತದೆ. ಹೆಚ್ಚು ಓಡಿದ ಗಾಡಿಗೆ ಮಷಿನ್ ಹಚ್ಚಿ ಒತ್ತಡದಿಂದ ತೊಳೆಯುವುದಕ್ಕಿಂತ, ಕೆಲವು ನೂರು ಕಿ.ಮೀ. ಬಿಟ್ಟು ಹೀಗೆ ಎರಡು ಸಲ ಬದಲಿಸುವುದೇ ವಾಸಿ.

ಎಣ್ಣೆಗೆ ದೊಡ್ಡ ಶತ್ರು ಬಿಸಿ. ಹತ್ತು ಡಿಗ್ರಿ ಏರಿದಂತೆಲ್ಲ ಅದರ ಆಯುಸ್ಸು ಸರಿಸುಮಾರು ಅರ್ಧವಾಗುತ್ತದೆ. ಚಳ್ಳಕೆರೆಯ ಬೇಸಿಗೆಯಲ್ಲಿ ಓಡಿಸುವವರು ಕಂಪನಿ ಹೇಳಿದ ಗಡುವಿಗೆ ಸ್ವಲ್ಪ ಮುಂಚೆಯೇ ಗ್ಯಾರೇಜಿಗೆ ಹೋಗಿ.

ಇಳಿಸಿದ ಹಳೆ ಎಣ್ಣೆಯನ್ನು ಚರಂಡಿಗೂ ಹೊಲಕ್ಕೂ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹೊಲದ ಆ ಮಣ್ಣಿನಲ್ಲೇ ಮುಂಗಾರಿಗೆ ಶೇಂಗಾ ಬಿತ್ತಬೇಕು.