ಚಕ್ರದಡಿಯ ಹಿಮಯುಗ

ಸ್ವೀಡನ್ನಿನ ಉತ್ತರ ಕರಾವಳಿಯಲ್ಲಿ ಟಾರು ಬಿಟ್ಟು ಜಲ್ಲಿ ದಾರಿಗಿಳಿದ ಸೈಕಲ್ ಸವಾರರಿಗೆ ನೆಲದ ಗುಣ ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಒಂದಷ್ಟು ದೂರ ಹ್ಯಾಂಡಲ್ ಅಲುಗುವುದಿಲ್ಲ, ಚಕ್ರದಡಿ ಮರಳು ಸರಸರ ಎನ್ನುತ್ತದೆ. ಆಮೇಲೆ ಉರುಟು ಕಲ್ಲುಗಳು ಪಕ್ಕಕ್ಕೆ ಸಿಡಿಯತೊಡಗುತ್ತವೆ. ಹೊಲಗಳ ನಡುವಿನ ತಗ್ಗಿಗೆ ಬಂದರೆ, ಮಳೆಯ ಮರುದಿನ, ಟೈರಿಗೆ ಮೆತ್ತಿಕೊಳ್ಳುವ ನುಣುಪು ಮಣ್ಣು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಇಲ್ಲಿಂದ ಹಿಂದೆ ಸರಿದ ಹಿಮಗಡ್ಡೆಯೂ ಅದರ ಬೆನ್ನಿಗೇ ಬಂದ ನೀರೂ ಯಾವ ಗಾತ್ರದ ಕಣವನ್ನು ಎಲ್ಲಿ ಬಿಟ್ಟುಹೋದವೋ, ಅದರ ಮೇಲೆಯೇ ಇಲ್ಲಿನ ದಾರಿ, ಕಾಡು, ಹೊಲಗಳೆಲ್ಲ ನಿಂತಿವೆ.

ಕರಾವಳಿಯಿಂದ ಆರಂಭಿಸೋಣ. ಬೋತ್ನಿಯಾ ಕೊಲ್ಲಿಯ ಪಡುವಣ ದಂಡೆಯ ಈ ಭಾಗಕ್ಕೆ 'ಹೋಗಾ ಕುಸ್ಟೆನ್', ಅಂದರೆ ಎತ್ತರದ ಕರಾವಳಿ ಎಂದು ಹೆಸರು. ಹಿಮಯುಗದಲ್ಲಿ ಈ ನೆಲದ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ಭೂಮಿಯ ಹೊರಪದರವೇ ಕುಸಿದಿತ್ತು. ಹಿಮ ಕರಗಿದ ಮೇಲೆ ನೆಲ ಏಳತೊಡಗಿತು. ಇನ್ನೂ ವರ್ಷಕ್ಕೆ ಸುಮಾರು 8 ಮಿಲಿಮೀಟರಿನಂತೆ ಏಳುತ್ತಲೇ ಇದೆ. ಇಲ್ಲಿನ ಸ್ಕೂಲೆ ಬೆಟ್ಟದಲ್ಲಿ ಹಳೆಯ ಸಮುದ್ರತೀರದ ಗುರುತು ಇಂದಿನ ಕಡಲಮಟ್ಟಕ್ಕಿಂತ 286 ಮೀಟರ್ ಮೇಲಿದೆ. ಹಿಮದ ಭಾರ ಇಳಿದು ಎದ್ದ ನೆಲಗಳ ಪೈಕಿ ಇಷ್ಟು ಎತ್ತರದ ತೀರರೇಖೆ ಜಗತ್ತಿನಲ್ಲಿ ಬೇರೆಲ್ಲೂ ಗೊತ್ತಿಲ್ಲ. 2000ದಲ್ಲಿ ಯುನೆಸ್ಕೊ ಈ ಕರಾವಳಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ತಾಪಮಾನದ ಮಾಪಕಕ್ಕೆ ಹೆಸರಾದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಇದೇ ಕೊಲ್ಲಿಯ ತೆಂಕಣ ಭಾಗದ ಒಂದು ಬಂಡೆಯ ಮೇಲೆ ನೀರಿನ ಮಟ್ಟವನ್ನು ಕೆತ್ತಿಸಿಟ್ಟ. ಕಡಲು ಬತ್ತುತ್ತಿದೆ ಎಂಬುದು ಅವನ ತರ್ಕ. ಏಳುತ್ತಿರುವುದು ನೆಲ, ಅದಕ್ಕೆ ಕಾರಣ ಇಳಿದುಹೋದ ಹಿಮದ ಭಾರ ಎಂಬ ವಿವರಣೆಯನ್ನು ಸ್ಕಾಟ್ಲೆಂಡಿನ ಥಾಮಸ್ ಜೇಮಿಸನ್ ಮುಂದಿಟ್ಟದ್ದು 1865ರಲ್ಲಿ.

ಸವಾರರಿಗೆ ಆ ಹಳೆಯ ತೀರರೇಖೆ ಬಹಳ ಉಪಯುಕ್ತ. ಅದರ ಮೇಲಿನ ನೆಲ ಎಂದೂ ಅಲೆಗೆ ಸಿಕ್ಕಿಲ್ಲ. ಅಲ್ಲಿ ಹಿಮ ಅರೆದು ಬಿಟ್ಟ ಮಣ್ಣು ಹಾಗೇ ಇದೆ: ಬಂಡೆ, ಕಲ್ಲು, ಮರಳು, ಹಿಟ್ಟಿನಂಥ ಪುಡಿ ಎಲ್ಲ ಒಟ್ಟಿಗೆ. ರೇಖೆಯ ಕೆಳಗೆ, ನೆಲ ಮೇಲೇಳುತ್ತ ಹೋದಂತೆ ಪ್ರತಿಯೊಂದು ಇಳಿಜಾರೂ ಒಂದಲ್ಲ ಒಂದು ಕಾಲಕ್ಕೆ ಕಡಲತೀರವಾಗಿತ್ತು. ಅಲೆಗಳು ನುಣುಪು ಕಣಗಳನ್ನು ತೊಳೆದು ಆಳಕ್ಕೆ ಒಯ್ದವು, ದಪ್ಪ ಕಲ್ಲುಗಳು ಇದ್ದಲ್ಲೇ ಉಳಿದವು. ಹಾಗಾಗಿ ಕೆಲವು ಬೆಟ್ಟಗಳ ನೆತ್ತಿಯಲ್ಲಿ ದಟ್ಟ ಕಾಡು, ಅದರ ಸುತ್ತ ಬೋಳು ಬಂಡೆ, ಇನ್ನೂ ಕೆಳಗೆ ಕಣಿವೆಯಲ್ಲಿ ಹಳೆಯ ಕೊಲ್ಲಿಗಳ ತಳದ ಹೂಳು. ಊರು, ಹೊಲ, ಹುಲ್ಲುಗಾವಲುಗಳು ಬೆಳೆದದ್ದು ಆ ಹೂಳಿನ ಮೇಲೆ.

ದಾರಿ ಕೆಡುವುದೂ ಅಲ್ಲೇ. ಚಳಿಗಾಲದಲ್ಲಿ ರಸ್ತೆ ಉಬ್ಬುವುದು ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಇದನ್ನು ಪರೀಕ್ಷಿಸಲು ಮಣ್ಣಿಗೆ ನೀರಿನ ಬದಲು ಬೆಂಜೀನ್ ಸೇರಿಸಿ ಹೆಪ್ಪುಗಟ್ಟಿಸಿದ. ಬೆಂಜೀನ್ ಗಟ್ಟಿಯಾದಾಗ ಕುಗ್ಗುತ್ತದೆ. ಆದರೂ ಮಣ್ಣು ಉಬ್ಬಿತು! ಹಾಗಾದರೆ ಹಿಗ್ಗುವಿಕೆಯೊಂದೇ ಕಾರಣವಾಗಿರಲು ಸಾಧ್ಯವಿಲ್ಲ. ಮೇಲಿನಿಂದ ಇಳಿಯುವ ಶೀತ ಒಂದು ಆಳಕ್ಕೆ ಬಂದು ನಿಂತಾಗ, ಅಲ್ಲಿ ಕೂಡಿಕೊಳ್ಳುವ ಹಿಮದ ಪದರ ಕೆಳಗಿನ ತೇವವನ್ನು ದೀಪದ ಬತ್ತಿ ಎಣ್ಣೆ ಎಳೆದಂತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಪದರ ದಪ್ಪವಾದಷ್ಟೂ ಮೇಲಿನ ರಸ್ತೆ ಏಳುತ್ತದೆ. ದಪ್ಪ ಮರಳಿನಲ್ಲಿ ಕಣಗಳ ನಡುವಿನ ಸಂದು ಅಗಲ, ನೀರು ಮೇಲೇರುವುದಿಲ್ಲ. ಜೇಡಿಮಣ್ಣಿನಲ್ಲಿ ಸಂದು ತೀರಾ ಕಿರಿದು, ನೀರು ಬೇಗ ಸಾಗುವುದಿಲ್ಲ. ಹೂಳಿನಲ್ಲಿ ಎರಡಕ್ಕೂ ಹದ ಕೂಡಿಬಂದಿರುತ್ತದೆ. ಸ್ವೀಡನ್ನಿನವನೇ ಆದ ಗುನ್ನಾರ್ ಬೆಸ್ಕೊವ್ 1935ರಲ್ಲಿ ರಸ್ತೆ, ರೈಲುಹಾದಿಗಳನ್ನು ಮುಂದಿಟ್ಟುಕೊಂಡು ಇದನ್ನು ವಿವರವಾಗಿ ಬರೆದ.

ವಸಂತದಲ್ಲಿ ಆ ಪದರ ಮೇಲಿನಿಂದ ಕರಗುತ್ತದೆ. ಕೆಳಗಿನ ನೆಲ ಇನ್ನೂ ಹೆಪ್ಪುಗಟ್ಟಿರುವುದರಿಂದ ನೀರು ಇಂಗಲು ಜಾಗವಿಲ್ಲದೆ ರಸ್ತೆ ಅಂಬಲಿಯಾಗುತ್ತದೆ. ಆಗ ಅನೇಕ ಜಲ್ಲಿ ದಾರಿಗಳಲ್ಲಿ ಭಾರಿ ವಾಹನಗಳನ್ನು ತಡೆಯುತ್ತಾರೆ. ಸೈಕಲ್ ಸವಾರರೂ ಆ ವಾರಗಳಲ್ಲಿ ಅತ್ತ ಹೋಗದಿರುವುದು ಒಳ್ಳೆಯದು. ಹಸಿ ರಸ್ತೆಯಲ್ಲಿ ಬಿದ್ದ ಗಾಲಿಯ ಗೀರು ಒಣಗಿ ಗಟ್ಟಿಯಾಗಿಬಿಡುತ್ತದೆ.

ಬಡಗಣಕ್ಕೆ ಸಾಗಿ ಉಮಿಯೊ ನಗರದ ಬಳಿ ಒಳನಾಡಿಗೆ ತಿರುಗಿದರೆ ವಿಂಡೆಲ್ ನದಿಯ ಕಣಿವೆ. ಇಲ್ಲಿ ಹಿಮಯುಗದ ಇನ್ನೊಂದು ರಚನೆಯನ್ನು ಹತ್ತಿರದಿಂದ ನೋಡಬಹುದು. ಕಾಡಿನ ನಡುವೆ ಹಾವಿನಂತೆ ಬಳುಕುವ ಉದ್ದನೆಯ ದಿಬ್ಬ, ಎಸ್ಕರ್. ಹಿಮಗಡ್ಡೆಯ ತಳದಲ್ಲಿ ಸುರಂಗ ಕೊರೆದು ಹರಿದ ಹೊಳೆ ತನ್ನ ಪಾತ್ರದಲ್ಲಿ ಕಲ್ಲುಮರಳು ತುಂಬಿತು. ಸುರಂಗದ ಗೋಡೆಯಾಗಿದ್ದ ಹಿಮ ಕರಗಿದಾಗ ಆ ಪಾತ್ರವೇ ದಿಬ್ಬವಾಗಿ ಉಳಿಯಿತು. ಮಣ್ಣು ತೆಗೆದ ಕಡೆ ಒಳಮೈ ಕಾಣುತ್ತದೆ: ಮುಷ್ಟಿಗಾತ್ರದ ಉರುಟು ಕಲ್ಲಿನ ಪಟ್ಟೆ, ಅದರ ಮೇಲೆ ಓರೆಯಾಗಿ ಮರಳಿನ ಪಟ್ಟೆ, ಮತ್ತೆ ಕಲ್ಲು. ನೀರು ಜೋರಾದಾಗ ದೊಡ್ಡದು, ನಿಧಾನವಾದಾಗ ಸಣ್ಣದು.

ಇಂಥ ದಿಬ್ಬದಲ್ಲಿ ನೀರು ನಿಲ್ಲದೆ ಇಳಿದುಹೋಗುವುದರಿಂದ ದಾರಿ ಒಣಗಿಯೇ ಇರುತ್ತದೆ. ರಸ್ತೆ ಕಟ್ಟುವುದಕ್ಕೂ ಬಹಳ ಹಿಂದಿನಿಂದ ಜನ ಎಸ್ಕರುಗಳ ನೆತ್ತಿಯ ಮೇಲೆ ನಡೆದಿದ್ದಾರೆ. ಒಣನೆಲಕ್ಕೆ ಪೈನ್ ಮರ, ಅದರಡಿ ಬಿಳಿಬೂದು ಕಲ್ಲುಹೂವು. ಚಳಿಗಾಲದಲ್ಲಿ ಹಿಮಸಾರಂಗ ಗೊರಸಿನಿಂದ ಹಿಮ ಕೆರೆದು ತಿನ್ನುವುದು ಅದನ್ನೇ. ಅದಕ್ಕಾಗಿಯೇ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಪಶುಪಾಲಕರು ಹಿಂಡುಗಳನ್ನು ಪರ್ವತದಿಂದ ಈ ಕಾಡುಗಳಿಗೆ ಇಳಿಸುತ್ತಾರೆ. ಅನೇಕ ಊರುಗಳ ಕುಡಿಯುವ ನೀರು ಶುದ್ಧವಾಗುವುದೂ ಎಸ್ಕರಿನ ಮರಳಿನಲ್ಲಿ. ಹೀಗಿದ್ದರೂ ಕಟ್ಟಡಕ್ಕೂ ರಸ್ತೆಗೂ ಇವನ್ನು ಅಗೆದು ಸಾಗಿಸಿದ್ದೇ ಸಾಗಿಸಿದ್ದು. 1996ರಲ್ಲಿ ಸರ್ಕಾರ ನೈಸರ್ಗಿಕ ಜಲ್ಲಿಯ ಮೇಲೆ ತೆರಿಗೆ ಹಾಕಿದ್ದು ಸರಿಯಾದ ಹೆಜ್ಜೆ. ಈಗ ಹೆಚ್ಚಾಗಿ ಬಂಡೆ ಒಡೆದ ಜಲ್ಲಿ ಬಳಸುತ್ತಾರೆ. ಅದರ ಚೂಪು ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನಿಲ್ಲುತ್ತವೆ, ಟೈರಿನ ಪಕ್ಕವನ್ನು ಕೊಯ್ಯಲೂಬಲ್ಲವು. ಎಸ್ಕರಿನ ಉರುಟು ಕಲ್ಲು ಟೈರಿಗೆ ಮೃದು, ತಿರುವಿನಲ್ಲಿ ಜಾರಿಸುತ್ತದೆ.

ಇನ್ನು, ಇಡೀ ಮೈ ನಡುಗಿಸುವ ಅಲೆಅಲೆಯಾದ ಉಬ್ಬುತಗ್ಗು. ನಮ್ಮ ಬಯಲುಸೀಮೆಯ ಮಣ್ಣು ರಸ್ತೆಗಳಲ್ಲೂ ಇದುಂಟು. ಗಾಡಿಗಳ ಸ್ಪ್ರಿಂಗ್ ಇದಕ್ಕೆ ಕಾರಣ ಎಂಬ ನಂಬಿಕೆಯಿತ್ತು. 2007ರಲ್ಲಿ ಟೇಬರ್ಲೆ, ಮಾರಿಸ್, ಮ್ಯಾಕ್ ಎಲ್ವೇನ್ ಎಂಬ ವಿಜ್ಞಾನಿಗಳು ತಿರುಗುವ ಮೇಜಿನಲ್ಲಿ ಮರಳು ಹರಡಿ, ಸ್ಪ್ರಿಂಗಿಲ್ಲದ ಗಾಲಿಯೊಂದನ್ನು ಅದರ ಮೇಲೆ ಓಡಿಸಿ ತೋರಿಸಿದರು: ಒಂದು ವೇಗ ದಾಟಿದರೆ ಅಲೆ ತಾನಾಗಿ ಮೂಡುತ್ತದೆ, ಅದಕ್ಕಿಂತ ನಿಧಾನವಾದರೆ ಮೂಡುವುದಿಲ್ಲ. ಸಣ್ಣ ಉಬ್ಬಿಗೆ ತಾಗಿದ ಗಾಲಿ ಹಾರಿ, ಬಿದ್ದಲ್ಲಿ ಗುಂಡಿ ಮಾಡಿ, ಮುಂದಿನ ಉಬ್ಬನ್ನು ತಳ್ಳುತ್ತದೆ. ಗ್ರೇಡರ್ ಯಂತ್ರದಿಂದ ಸಮ ಮಾಡಿದರೂ ಕಾರುಗಳು ಅದನ್ನು ಮತ್ತೆ ಮೂಡಿಸುತ್ತವೆ. ಸೈಕಲ್ಲಿಗೆ ರಸ್ತೆಯ ಅಂಚೇ ಗತಿ.

ಜಲ್ಲಿ ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲಿನ ಜಾಣತನವೆಲ್ಲ ಟೈರಿನಲ್ಲಿದೆ. ಹಿಂದಿನ ಗಾಲಿಯ ಮೇಲೆ 45 ಕಿಲೋ ಭಾರವಿದೆ ಎನ್ನಿ. 90 ಪಿಎಸ್‌ಐ ಗಾಳಿ ತುಂಬಿದ ಸಪೂರ ಟೈರು ನೆಲವನ್ನು ಮುಟ್ಟುವುದು ಸುಮಾರು 7 ಚದರ ಸೆಂಟಿಮೀಟರಿನಷ್ಟು. ನಾಲ್ಕೂವರೆ ಸೆಂಟಿಮೀಟರ್ ಅಗಲದ ಟೈರಿಗೆ 30 ಪಿಎಸ್‌ಐ ಸಾಕು. ಆಗ ಅದು 21 ಚದರ ಸೆಂಟಿಮೀಟರ್ ಮುಟ್ಟುತ್ತದೆ, ಸಡಿಲ ನೆಲದಲ್ಲಿ ಹೂತುಹೋಗುವುದಿಲ್ಲ. ಗಾಳಿ ಹೆಚ್ಚಿದ್ದರೆ ವೇಗ ಹೆಚ್ಚು ಎಂಬುದು ನಯವಾದ ನೆಲದ ಮಾತು. ಜಲ್ಲಿಯಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸವಾರನನ್ನು ಎತ್ತಿ ಹಾಕುತ್ತದೆ, ಆ ಶಕ್ತಿಯೆಲ್ಲ ಮೈಯ ಸ್ನಾಯುಗಳಲ್ಲಿ ವ್ಯರ್ಥವಾಗುತ್ತದೆ. ಮೆತ್ತನೆ ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ.

ಕಣಿವೆಯುದ್ದಕ್ಕೂ ನದಿ ಕಾಣುತ್ತ, ಮರೆಯಾಗುತ್ತ ಜೊತೆಗಿರುತ್ತದೆ. ವಿಂಡೆಲ್ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆಯನ್ನು ಜನರ ವಿರೋಧದ ಮೇಲೆ 1970ರಲ್ಲಿ ಕೈಬಿಡಲಾಯಿತು. ಆದರೆ ಮರದ ದಿಮ್ಮಿ ತೇಲಿಸಲೆಂದು ಅದಕ್ಕೂ ಮುಂಚೆಯೇ ಇದರ ಉಪನದಿಗಳ ಬಂಡೆಗಳನ್ನು ಕಿತ್ತು ದಡಕ್ಕೆ ಹಾಕಿ, ಪಾತ್ರವನ್ನು ಕಾಲುವೆ ಮಾಡಿದ್ದರು. ತೇಲಿಸುವ ಕೆಲಸ 1976ರಲ್ಲಿ ನಿಂತಿತು. ಈಗ ಯಂತ್ರಗಳಿಂದ ಆ ಬಂಡೆಗಳನ್ನು ಮತ್ತೆ ಹೊಳೆಗೆ ಇಳಿಸುತ್ತಿದ್ದಾರೆ, ಜೊತೆಗೆ ಸಣ್ಣ ಜಲ್ಲಿಯನ್ನೂ ಸುರಿಯುತ್ತಿದ್ದಾರೆ. ಸಾಲ್ಮನ್, ಟ್ರೌಟ್ ಮೀನುಗಳು ಬಾಲದಿಂದ ಜಲ್ಲಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತವೆ. ಚಳಿಗಾಲವಿಡೀ ಆ ಕಲ್ಲುಗಳ ಸಂದಿನಲ್ಲಿ ಆಮ್ಲಜನಕ ತುಂಬಿದ ನೀರು ಹರಿಯುತ್ತಿರಬೇಕು. ನುಣುಪು ಹೂಳು ಬಂದು ಸಂದು ಮುಚ್ಚಿದರೆ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ.

ಆ ಹೂಳಿನ ಒಂದು ಪಾಲು ಬರುವುದು ಕಾಡಿನ ಜಲ್ಲಿ ದಾರಿಗಳ ಚರಂಡಿಯಿಂದಲೇ. ದೇಶದಲ್ಲಿ ಇಂಥ ಕಾಡುರಸ್ತೆಗಳು ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚಿವೆ. ಮಾಡಿದ್ದು ಮರದ ಲಾರಿಗಳಿಗಾಗಿ, ಸವಾರರು ಅದರ ಫಲ ಉಣ್ಣುತ್ತಿದ್ದೇವೆ. ಹಾಗಾಗಿ ತೊರೆ ದಾಟುವಲ್ಲೆಲ್ಲ ಇಳಿದು ಮೋರಿಯನ್ನೊಮ್ಮೆ ನೋಡಬೇಕು. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಮೀನು ಅದರೊಳಗೆ ಹತ್ತಲಾರದು, ಮೇಲಿನ ತೊರೆ ಅದರ ಪಾಲಿಗೆ ಇಲ್ಲವಾದಂತೆ. ಪೈಪು ತೆಗೆದು ತಳವಿಲ್ಲದ ಕಮಾನು ಕೂರಿಸಿದ ಕಡೆ ರಸ್ತೆಯಡಿಯಲ್ಲೂ ತೊರೆಯ ಸ್ವಂತ ಕಲ್ಲುಮರಳೇ ಇರುತ್ತದೆ, ಟ್ರೌಟ್ ಅಡ್ಡಿಯಿಲ್ಲದೆ ಮೇಲೇರುತ್ತದೆ.